ಸಂಬಳದ ರಿಜಿಸ್ಟರ್‌ನಲ್ಲಿ ಬರೆಯದ ಲೆಕ್ಕ

ಹನ್ನೊಂದು ವರ್ಷ ನಾನು ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸಂಬಳದ ರಿಜಿಸ್ಟರ್ ಬರೆದೆ. ಎಪ್ಪತ್ತು ಚಿಲ್ಲರೆ ಜನ, ಹೆಚ್ಚಿನವರು ಹೆಂಗಸರು. ಕನಿಷ್ಠ ಕೂಲಿ ಏರಿಸಿದ ಆದೇಶ ಬಂದ ದಿನ ಮಾಲೀಕರು ಹೇಳಿದ್ದು ಒಂದೇ ಮಾತು: "ಹತ್ತು ಜನರನ್ನು ತೆಗೆಯಲೇಬೇಕು." ನಾನೂ ನಂಬಿದೆ. ಕೂಲಿ ಜಾಸ್ತಿಯಾದರೆ ಕೆಲಸ ಕಡಿಮೆಯಾಗಬೇಕು, ಅಲ್ವಾ?

ಯಾರನ್ನೂ ತೆಗೆಯಲಿಲ್ಲ. ಬದಲಿಗೆ, ತಾವಾಗಿಯೇ ಬಿಟ್ಟು ಹೋಗುವವರು ಕಡಿಮೆಯಾದರು. ಅದಕ್ಕೆ ಮುಂಚೆ ಪ್ರತಿ ತಿಂಗಳೂ ಐದಾರು ಹೆಸರು ಹೊಡೆದು ಹಾಕಿ, ಐದಾರು ಹೊಸ ಹೆಸರು ಬರೆಯುತ್ತಿದ್ದೆ. ಹೊಸಬರ ಕೈ ಕುದುರುವವರೆಗೆ ವಾರಗಟ್ಟಲೆ ಪೀಸ್‌ಗಳು ಆಲ್ಟರ್‌ಗೆ, ಅಂದರೆ ಹೊಲಿಗೆ ಸರಿಪಡಿಸಲು, ವಾಪಸ್ ಬರುತ್ತಿದ್ದವು. ಆ ಖರ್ಚಿಗೆ ನನ್ನ ರಿಜಿಸ್ಟರ್‌ನಲ್ಲಿ ಕಾಲಂ ಇರಲಿಲ್ಲ.

ಫೋರ್ಡ್ ಕಾರು ಕಂಪನಿಯ ಕಥೆ ಓದಿದಾಗ ಇದೇ ನೆನಪಾಯಿತು. 1913ರಲ್ಲಿ ಸುಮಾರು 14,000 ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಅವರು 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ 8 ಗಂಟೆ ಕೆಲಸ, 5 ಡಾಲರ್ ಅಂದರು. ಮೊದಲಿನದರ ಸುಮಾರು ಎರಡು ಪಟ್ಟು. ಜನ ಬಿಟ್ಟು ಹೋಗದೆ ನಿಂತರು. ಅದು ಕಾನೂನಿನಿಂದ ಆಗಿದ್ದಲ್ಲ, ನಿಜ. ಆದರೆ ಲೆಕ್ಕ ಅದೇ.

ಕಾನೂನಿನ ಲೆಕ್ಕವನ್ನು ಚೆನ್ನಾಗಿ ನೋಡಿದವರು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಎರಡೂ ಕಡೆಯ 400ಕ್ಕೂ ಹೆಚ್ಚು ಫಾಸ್ಟ್‌ಫುಡ್ ಮಳಿಗೆಗಳನ್ನು, ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅವರು ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಬೇರೆ ಅರ್ಥಶಾಸ್ತ್ರಜ್ಞರು ಸಂಬಳದ ದಾಖಲೆಗಳನ್ನೇ ಮುಂದಿಟ್ಟು ಪ್ರಶ್ನಿಸಿದರು, ವರ್ಷಗಟ್ಟಲೆ ವಾದ ನಡೆಯಿತು. 2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಕ್ರೂಗರ್ ತೀರಿಕೊಂಡಿದ್ದರು.

ಕೂಲಿ ಏರಿದರೂ ಕೆಲಸ ಕಡಿಮೆಯಾಗದ ಕಾರಣ ನನಗೆ ಅರ್ಥವಾಗುತ್ತದೆ. ನಮ್ಮ ಹೊಲಿಗೆಯವರಲ್ಲಿ ಹಲವರಿಗೆ ನಡೆದು ಹೋಗುವಷ್ಟು ದೂರದಲ್ಲಿ ಬೇರೆ ಕೆಲಸ ಇರಲಿಲ್ಲ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬೇಕಿತ್ತು. ಹಾಗಿದ್ದಾಗ ಕೂಲಿ ಎಷ್ಟು ಅಂತ ಹೇಳುವವರು ಮಾಲೀಕರೊಬ್ಬರೇ. ಅವರು ಹೆಚ್ಚು ಕೊಡಬಲ್ಲರು, ಕೊಡಬೇಕಾದ ಒತ್ತಡ ಮಾತ್ರ ಇರಲ್ಲ.

ಹಾಗಂತ ಎಷ್ಟು ಬೇಕಾದರೂ ಏರಿಸಬಹುದು ಅಂತ ನಾನು ಹೇಳುವುದಿಲ್ಲ. ಲಾಭವೇ ಇಲ್ಲದ ಸಣ್ಣ ಘಟಕ ಬಾಗಿಲು ಹಾಕುತ್ತದೆ. ಬ್ರಿಟನ್ನಿನ ರೀತಿ ನನಗೆ ಇಷ್ಟ. ಅಲ್ಲಿ 1999ರಲ್ಲಿ ಗಂಟೆಗೆ 3.60 ಪೌಂಡ್‌ನಿಂದ ಶುರು ಮಾಡಿದರು. ಎಷ್ಟು ಏರಿಸಬೇಕು ಅಂತ ಸಲಹೆ ಕೊಡುವ ಆಯೋಗದಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು, ತಜ್ಞರು ಒಟ್ಟಿಗೆ ಕೂರುತ್ತಾರೆ. ಇಷ್ಟು ಜನರಿದ್ದರೆ ಮಾತ್ರ ಅನ್ವಯ ಅಂತ ಗಡಿ ಎಳೆಯುವ ಕಾನೂನುಗಳೂ ಎಡವುತ್ತವೆ. ಫ್ರಾನ್ಸ್‌ನಲ್ಲಿ 50 ಜನ ಆದರೆ ಹೊಸ ಹೊಣೆಗಳು ಬರುತ್ತವೆ, ಅದಕ್ಕೇ 49ಕ್ಕೆ ನಿಂತ ಕಂಪನಿಗಳು ಬಹಳ. ಬೆಳೆಯಬಹುದಾದದ್ದು ಬೆಳೆಯದೆ ನಿಲ್ಲುವುದು ದೊಡ್ಡ ನಷ್ಟ.

ಇದೆಲ್ಲಾ ಕೂಲಿ ನಿಜವಾಗಿ ಕೈಗೆ ಸಿಕ್ಕಾಗಿನ ಮಾತು. ಈ ಫ್ಯಾಕ್ಟರಿಗೂ ಮುಂಚೆ ನಾನಿದ್ದ ಜಾಗದಲ್ಲಿ ಎರಡು ರಿಜಿಸ್ಟರ್ ಇದ್ದವು. ಇನ್‌ಸ್ಪೆಕ್ಟರ್ ನೋಡುವ ರಿಜಿಸ್ಟರ್‌ನಲ್ಲಿ ಕಾನೂನಿನ ಮೊತ್ತ, ಅದರ ಪಕ್ಕ ಕೆಲಸದವರ ಸಹಿ. ಕವರಿನೊಳಗೆ ಅದಕ್ಕಿಂತ ಕಡಿಮೆ ಹಣ. ಕಾನೂನಿನಿಂದ ಕೆಲಸ ಹೋಗುತ್ತಾ, ಬರುತ್ತಾ ಅಂತ ಆ ಕಾಗದ ನೋಡಿ ಯಾರು ಹೇಳಲು ಸಾಧ್ಯ? ಸಹಿ ಹಾಕುವಾಗ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಎರಡು ವರ್ಷ ಆ ಎರಡೂ ರಿಜಿಸ್ಟರ್ ಬರೆದದ್ದು ನಾನೇ.