ಮಂಗಫ್ ಬೆಂಕಿ, ಪ್ರಧಾನಿಯ ಸಂತಾಪ, ಮುಳಬಾಗಿಲಿನಿಂದ ಬಂದ ಫೋನು

2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಬಿಲ್ಡಿಂಗಿಗೆ ಬೆಂಕಿ ಬಿತ್ತು. ನಮ್ಮ ದೇಶದವರೇ ಕಡಿಮೆಯೆಂದರೂ 45 ಜನ ಸತ್ತರು. ಸುಮಾರು ಅರ್ಧದಷ್ಟು ಜನ ಕೇರಳದವರು. ಕರ್ನಾಟಕದವರು ಒಬ್ಬರು, ಕಲಬುರಗಿ ಜಿಲ್ಲೆಯವರು. ನಾನಿರುವ ಫಹಾಹೀಲ್‌ಗೆ ಮಂಗಫ್ ಅಂಟಿಕೊಂಡೇ ಇದೆ.

ಮುಳಬಾಗಿಲು ಹತ್ತಿರದ ನಮ್ಮೂರಿಗೆ ಈ ಸುದ್ದಿ ಮುಟ್ಟಿದ್ದೇ ಪ್ರಧಾನಿ ನರೇಂದ್ರ ಮೋದಿಯವರ ಸಂತಾಪದ ಮಾತಿನಿಂದ. ಅಮ್ಮ ಸಂಜೆ ಹಾಲು ಹಾಕೋಕೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದರಂತೆ. ಯಾರೋ ಹುಡುಗ ಫೋನು ನೋಡಿ ಜೋರಾಗಿ ಓದಿದ. ಸತ್ತವರ ಮನೆಯವರ ದುಃಖದಲ್ಲಿ ನಾನೂ ಇದ್ದೇನೆ, ಗಾಯಗೊಂಡವರು ಬೇಗ ಹುಷಾರಾಗಲಿ, ರಾಯಭಾರ ಕಚೇರಿ ಎಲ್ಲವನ್ನೂ ನೋಡಿಕೊಳ್ಳುತ್ತಿದೆ ಅನ್ನೋ ಅರ್ಥದ ಮಾತುಗಳು. ಓದಿ ಮುಗಿಸಿ ಅವನು ಕೇಳಿದ್ದು, "ನಿಮ್ಮ ಮಗ ಇರೋದೂ ಕುವೈತಲ್ಲೇ ಅಲ್ವಾ ಅತ್ತೆ?"

ಅಮ್ಮನ ಫೋನು ಬಂತು. "ಮಾತಾಡಪ್ಪಾ, ಏನಾದ್ರೂ ಮಾತಾಡು" ಅಂದರು. ಊಟ ಆಯ್ತಾ ಅಂದೆ. "ಇನ್ನೂ ಮಾತಾಡು" ಅಂದರು. ಹಸು ಎಷ್ಟು ಹಾಲು ಕೊಡ್ತಿದೆ, ಟೊಮ್ಯಾಟೊ ರೇಟು ಎಷ್ಟಾಯ್ತು, ಹೀಗೇ ಏನೇನೋ ಕೇಳಿದೆ. ಫೋನಿಡೋಕೆ ಬಿಡಲಿಲ್ಲ.

ಅವತ್ತು ಕೊಲ್ಲಿ ದೇಶದಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಸಂತಾಪ ಮೊದಲು ಬಂತು, ಹೆಸರುಗಳು ಆಮೇಲೆ ಬಂದವು. ಕೆಲವು ದೇಹಗಳು ಗುರುತೇ ಸಿಗದಷ್ಟು ಸುಟ್ಟಿದ್ದವು, ಡಿಎನ್ಎ ಪರೀಕ್ಷೆ ಮಾಡಬೇಕಾಯಿತು. ಇದರಲ್ಲಿ ಪ್ರಧಾನಿಯ ತಪ್ಪೇನೂ ಇಲ್ಲ. ದೇಶದ ದೊಡ್ಡವರು ತಡಮಾಡದೆ ಮಾತಾಡಲೇಬೇಕು. ಆ ಮಾತಿನ ಹಿಂದೆಯೇ ಏನೇನು ನಡೆಯಿತು ಅನ್ನೋದನ್ನು ಇಲ್ಲಿದ್ದವರು ಕಣ್ಣಾರೆ ಕಂಡೆವು. ಊರಿನವರಿಗೆ ಅದು ಅಷ್ಟಾಗಿ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಾಯಭಾರಿ ಅದೇ ದಿನ ಬೆಂಕಿ ಬಿದ್ದ ಜಾಗಕ್ಕೂ ಆಸ್ಪತ್ರೆಗಳಿಗೂ ಹೋದರು. ಕುವೈತಿನ ಉಪಪ್ರಧಾನಿಯೂ ಸ್ಥಳಕ್ಕೆ ಬಂದು, ಕಟ್ಟಡದ ಮಾಲೀಕರ ದುರಾಸೆಯೇ ಇದಕ್ಕೆ ಕಾರಣ ಅಂತ ಎಲ್ಲರ ಮುಂದೆ ಹೇಳಿದರು. ಆ ಮಾತು ಕೇಳಿ ನಮ್ಮ ರೂಮಿನಲ್ಲಿ ಎಲ್ಲರೂ ಸುಮ್ಮನಾದೆವು. ಒಂದೊಂದು ರೂಮಿನಲ್ಲಿ ಎಷ್ಟು ಮಂಚ ತುರುಕಿರುತ್ತಾರೆ ಅಂತ ನಮಗೆ ಗೊತ್ತಲ್ವಾ. ಮಾರನೆಯ ದಿನ ವಿದೇಶಾಂಗ ರಾಜ್ಯ ಸಚಿವ ಕೀರ್ತಿ ವರ್ಧನ್ ಸಿಂಗ್ ಬಂದಿಳಿದರು. ಜೂನ್ 14ರಂದು ವಾಯುಪಡೆಯ ವಿಮಾನ 45 ದೇಹಗಳನ್ನು ಹೊತ್ತು ಕೊಚ್ಚಿಯಲ್ಲಿ ಇಳಿಯಿತು, ಅಲ್ಲಿಂದ ಉಳಿದ ದೇಹಗಳೊಂದಿಗೆ ದೆಹಲಿಗೆ ಹೋಯಿತು. ಸಚಿವರೂ ಅದೇ ವಿಮಾನದಲ್ಲಿ ಹೋದರು. ಸತ್ತವರ ಮನೆಯವರಿಗೆ ಪ್ರಧಾನಿಯ ಪರಿಹಾರ ನಿಧಿಯಿಂದ ತಲಾ 2 ಲಕ್ಷ ರೂಪಾಯಿ ಘೋಷಣೆಯಾಯಿತು.

ಎರಡು ದಿನದಲ್ಲಿ ದೇಹ ಊರು ಸೇರಿತು! ಇಲ್ಲಿ ಒಬ್ಬ ಕೂಲಿಯವನು ಒಂಟಿಯಾಗಿ ಎದೆನೋವು ಬಂದು ಸತ್ತರೆ ಏನಾಗುತ್ತದೆ ಹೇಳ್ತೀನಿ ಕೇಳಿ. ಮರಣ ಪತ್ರ ಬೇಕು, ಪೊಲೀಸರ ಒಪ್ಪಿಗೆ ಬೇಕು, ಕಫೀಲ್ (ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಮಾಲೀಕ) ಕಡೆಯಿಂದ ಕಾಗದ ಬೇಕು. ಊರಿನಿಂದ ಹೆಂಡತಿಯೋ ಅಪ್ಪನೋ ಸಹಿ ಮಾಡಿದ ಪತ್ರ ಬರಬೇಕು. ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ರದ್ದು ಮಾಡಿಸಬೇಕು. ದೇಹ ಕೆಡದಂತೆ ಔಷಧಿ ಹಾಕಿಸಿ ಕಾರ್ಗೋದಲ್ಲಿ ಕಳಿಸಬೇಕು. ಇದರಲ್ಲಿ ಒಂದು ಕಾಗದ ತಪ್ಪಿದರೂ ವಾರಗಟ್ಟಲೆ ಶವಾಗಾರದಲ್ಲೇ. ಅಲ್ಲೀತನಕ ಊರಲ್ಲಿ ಹಾಲು-ತುಪ್ಪ ಬಿಡುವಂತಿಲ್ಲ, ತಿಥಿಗೆ ದಿನ ಹಿಡಿಯುವಂತಿಲ್ಲ. ರೂಮಿನವರು ಒಂದೊಂದೇ ದಿನಾರ್ ಸೇರಿಸಿ ಓಡಾಡುತ್ತಾರೆ. ಆ ಸಾವಿಗೆ ಯಾವ ನಾಯಕರ ಸಂತಾಪವೂ ಬರುವುದಿಲ್ಲ.

ದೊಡ್ಡವರ ಸಂತಾಪಕ್ಕೆ ಆಫೀಸಿನ ಬಾಗಿಲು ತೆಗೆಸುವ ಶಕ್ತಿ ಇದೆ. ಮಂಗಫ್‌ನಲ್ಲಿ ಅದನ್ನು ನೋಡಿದೆವು, ಅದಕ್ಕೆ ಮನಸಾರೆ ಕೈ ಮುಗಿಯುತ್ತೇನೆ. ಒಬ್ಬನೇ ಸತ್ತಾಗಲೂ ಅದೇ ಬಾಗಿಲು ಅಷ್ಟೇ ಬೇಗ ತೆಗೆಯಬೇಕು ಅನ್ನೋದು ನನ್ನ ಆಸೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೋದಿಯವರು ಕುವೈತಿಗೆ ಬಂದರು. ಭಾರತದ ಪ್ರಧಾನಿ ಇಲ್ಲಿಗೆ ಬಂದಿದ್ದು 43 ವರ್ಷಗಳ ಮೇಲೆ. ಮೀನಾ ಅಬ್ದುಲ್ಲಾದ ಕಾರ್ಮಿಕರ ಕ್ಯಾಂಪಿಗೂ ಹೋಗಿ ಅವರ ಜೊತೆ ಕೂತು ಮಾತಾಡಿದರು. ನನಗೆ ಅದು ಜಾಸ್ತಿ ಮುಖ್ಯ ಅನ್ನಿಸಿತು. ಜನ ಬದುಕಿರುವಾಗ ಬಂದು ಮಾತಾಡಿಸಿದರು.

ಕೋಲಾರ, ಚಿಂತಾಮಣಿ ಕಡೆಯಿಂದ ಇಲ್ಲಿಗೆ ಮನೆಗೆಲಸಕ್ಕೋ ಡ್ರೈವರ್ ಕೆಲಸಕ್ಕೋ ಹೊರಟವರ ಮನೆಯವರಿಗೆ ಒಂದು ಮಾತು. ವಿಸಿಟ್ ವೀಸಾದಲ್ಲಿ ಕಳಿಸ್ತೀನಿ ಅನ್ನೋ ಏಜೆಂಟನ್ನು ನಂಬಬೇಡಿ. ಹತ್ತನೇ ಕ್ಲಾಸು ಪಾಸಾಗದವರು ಸರ್ಕಾರದ ವಲಸೆ ಅನುಮತಿ ಪಡೆದು ಬಂದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಸಿಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಕಳ್ಳದಾರಿಯಲ್ಲಿ ಬಂದವರಿಗೆ ಇದು ಇಲ್ಲ. ದೇಹ ಕಳಿಸಲು ದುಡ್ಡಿಲ್ಲದವರಿಗೆ ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಇದೆ, 2009ರಿಂದ. ಅರ್ಜಿ ಹಾಕಿ ಕೇಳಬೇಕು. ಪಾಸ್‌ಪೋರ್ಟ್, ವೀಸಾ, ಸಿವಿಲ್ ಐಡಿ (ಕುವೈತಿನ ಗುರುತಿನ ಚೀಟಿ) ಜೆರಾಕ್ಸು, ಜೊತೆಗೆ ರೂಮಿನವರೊಬ್ಬರ ನಂಬರು, ಇಷ್ಟೂ ಊರಲ್ಲಿ ನಿಮ್ಮ ಬೀರುವಿನಲ್ಲಿ ಇರಲಿ. ನಮ್ಮಮ್ಮನ ಹತ್ತಿರ ಈಗ ಇದೆ.