ಸೋತ್ರೂ ಮ್ಯಾಚ್ ಐತೇನಣ್ಣ?

"ಸೋತ್ರೂ ಮುಂದಿನ ವಾರ ಮ್ಯಾಚ್ ಐತೇನಣ್ಣ?"

ದಾವಣಗೆರೆಯಲ್ಲಿ ಈ ವಾರ ಫುಟ್‌ಬಾಲ್ ಲೀಗ್ ಕಟ್ಟುವ ಮಾತುಕತೆಗೆ ಚಿತ್ರದುರ್ಗದ ಕಡೆಯಿಂದ ಬಂದಿದ್ದ ಹುಡುಗನ ಪ್ರಶ್ನೆ. ಐತಿ ಅಂದರೂ ನಂಬಲಿಲ್ಲ. ಮಂಡಕ್ಕಿ ಪೊಟ್ಟಣ ಕೈಯಲ್ಲೇ ಹಿಡಿದು ಮತ್ತೆ ಕೇಳಿದ. ಅವನು ಕಂಡಿದ್ದೆಲ್ಲ ನಾಕೌಟ್, ಸೋತವರು ಅಲ್ಲಿಗೇ ಹೊರಗೆ. ಎಂಟು ತಂಡಕ್ಕೆ ಏಳೇ ಪಂದ್ಯ. ನಾಲ್ಕು ತಂಡ ಒಂದೇ ಆಟ ಆಡಿ ಬಸ್ ಹತ್ತಬೇಕು. ಅದೇ ಎಂಟು ತಂಡ ಲೀಗ್ ಆಡಿದರೆ, ಅಂದರೆ ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿದರೆ, 28 ಪಂದ್ಯ, ತಲಾ ಏಳು.

ಕಪ್ ಕೊಡಿಸಲು ಬಂದ ಹಿರಿಯರಿಗೆ ಎರಡು ದಿನದಲ್ಲಿ ಮುಗಿದು ವೇದಿಕೆ ಆಗಬೇಕು. ಒಳ್ಳೆಯ ಮನುಷ್ಯ, ಧಾರಾಳಿ. ಆದರೆ ಆಳೆತ್ತರದ ಕಪ್ಪಿನ ದುಡ್ಡು ರೆಫರಿಗಳ ಭತ್ಯೆಗೆ, ಬಸ್ ಚಾರ್ಜಿಗೆ ಹೋಗಬೇಕು. ದಾವಣಗೆರೆ, ಚಿತ್ರದುರ್ಗ 1997ರವರೆಗೆ ಒಂದೇ ಜಿಲ್ಲೆಯಲ್ಲಿದ್ದ ಊರುಗಳು. ಭಾನುವಾರ ಅಲ್ಲಿ ಎರಡು, ಇಲ್ಲಿ ಎರಡು ಪಂದ್ಯ ಆಡಿಸಬಹುದು. ಪಂದ್ಯಗಳ ಪಟ್ಟಿಗೆ ಎಂಟು ತಂಡವನ್ನು ಎದುರುಬದುರು ನಾಲ್ಕು ಜೋಡಿಯಾಗಿ ಬರೆದು, ಒಂದನ್ನು ಕದಲಿಸದೆ ಇಟ್ಟು, ಉಳಿದ ಏಳನ್ನು ವಾರಕ್ಕೊಂದು ಮನೆ ಸುತ್ತಿಸಿದರೆ ಏಳು ಭಾನುವಾರದಲ್ಲಿ ಎಲ್ಲರೂ ಎಲ್ಲರೊಡನೆ ಆಡುತ್ತಾರೆ. ಏಳೇ ತಂಡ ಬಂದರೆ ಒಂದು ಮನೆ ಖಾಲಿ; ಅದರೆದುರು ಬಿದ್ದವರಿಗೆ ವಿಶ್ರಾಂತಿ.

ಮೈದಾನದ್ದೇ ದೊಡ್ಡ ತಲೆನೋವು. ನಡುವೆ ಕ್ರಿಕೆಟ್ಟಿನ ಸಿಮೆಂಟ್ ಪಿಚ್ ಇರುತ್ತದೆ. ಅದರ ಮೇಲೆ ತೆಳುವಾಗಿ ಮಣ್ಣು ಹರಡಿದರೆ ಬೂಟು ಇನ್ನಷ್ಟು ಜಾರುತ್ತದೆ. 90 ಮೀಟರ್ ಉದ್ದ, 45 ಮೀಟರ್ ಅಗಲ ಇದ್ದರೂ ನಿಯಮಕ್ಕೆ ಸಾಕು. ಜಾಗವಿದ್ದರೆ ಪಿಚ್ಚನ್ನು ಗೆರೆಯಾಚೆ, ಸಾಕಷ್ಟು ದೂರ ಬಿಟ್ಟು ಅಂಕಣ ಹಾಕಿ. ಗೆರೆಗೆ ಸುಟ್ಟ ಸುಣ್ಣ ಬೇಡವೇ ಬೇಡ, ಬಿದ್ದವರ ಚರ್ಮ, ಕಣ್ಣು ಸುಡುತ್ತದೆ. ಚಾಕ್ ಪುಡಿ ಸಾಕು.

ಲೀಗ್ ಮುರಿಯುವುದು ಮಾತ್ರ ನಡುವೆ ಬಿಟ್ಟುಹೋಗುವ ತಂಡದಿಂದ. ಅದನ್ನು ಸೋಲಿಸಿದವರಿಗೆ ಮೂರು ಅಂಕ ಸಿಕ್ಕಿರುತ್ತದೆ, ಇನ್ನೂ ಆಡದವರು ಜಗಳಕ್ಕೆ ನಿಲ್ಲುತ್ತಾರೆ. ತಂಡ ತನ್ನ ಪಂದ್ಯಗಳಲ್ಲಿ ಅರ್ಧ ಆಡುವ ಮೊದಲೇ ಲೀಗ್ ಬಿಟ್ಟರೆ ಅದರ ಫಲಿತಾಂಶವೆಲ್ಲ ರದ್ದು, ಆಮೇಲೆ ಬಿಟ್ಟರೆ ಉಳಿದವು ಎದುರಾಳಿಗೆ 3–0 ಎಂದು ಮೊದಲೇ ಬರೆದು ಸಹಿ ಹಾಕಿಸಬೇಕು. ಅಂಕ ಸಮವಾದರೆ ಗೋಲು ವ್ಯತ್ಯಾಸವೋ, ಪರಸ್ಪರ ಪಂದ್ಯವೋ ಎಂಬುದನ್ನೂ. ಒಬ್ಬನೇ ಸ್ಟ್ರೈಕರ್ ಎರಡು ತಂಡದಲ್ಲಿ ಕಾಣದಂತೆ ಫೋಟೋ ಇರುವ ಆಟಗಾರರ ಪಟ್ಟಿ ಪ್ರತಿ ಪಂದ್ಯಕ್ಕೂ ರೆಫರಿ ಕೈಯಲ್ಲಿರಲಿ.

ತಂಡಗಳು ಬಿಡುವುದು ಸೋಲಿಗೆ ಹೆದರಿ ಅಂತ ಹಿರಿಯರು ವಾದಿಸಿದರು. ಅಲ್ಲ, ಆಳು ಸಿಗದೆ. ಏಳು ಜನ ಇಲ್ಲದಿದ್ದರೆ ಪಂದ್ಯ ಶುರುವೇ ಆಗದು. ಗ್ಯಾರೇಜಿಗೆ, ಅಂಗಡಿಗೆ ಭಾನುವಾರದ ರಜೆಯಿಲ್ಲ.

ಹುಡುಗ ಮೂರನೇ ಸಲ ಕೇಳಿದ. ಉತ್ತರ ಕೇಳಿಸಿಕೊಂಡು ಮೊಬೈಲ್ ತೆಗೆದ: "ಏಳೂ ತಾರೀಖು ಹೇಳಣ್ಣ, ಸಾವ್ಕಾರ್ರಿಗೆ ಈಗ್ಲೇ ರಜಾ ಕೇಳಿಡ್ತೀನಿ."