ಬಾಳೆಲೆ ಮುಚ್ಚಿದ ತಟ್ಟೆ

2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು, ಶನಿವಾರ. ಮರುದಿನ ಭಾನುವಾರ ನಮ್ಮ ತೆನೆ ಹಬ್ಬ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಎರಡೂ ಹೀಗೆ ಒತ್ತಿಕೊಂಡು ಬಂದ ವರ್ಷ ನಮ್ಮ ಕೇರಿಯಲ್ಲಿ ಎರಡು ದಿನ ಒಲೆ ಆರುವುದಿಲ್ಲ.

ಕುಮಟೆಯ ಈ ಮನೆಗೆ ನಾನು ಸೊಸೆಯಾಗಿ ಬಂದ ವರ್ಷದಿಂದ ಒಂದು ಸಲವೂ ತಪ್ಪಿಲ್ಲ: ಚೌತಿಯ ಮಧ್ಯಾಹ್ನ ಪಕ್ಕದ ಭಟ್ಟರ ಮನೆಯಿಂದ ಹಿತ್ತಾಳೆ ತಟ್ಟೆ ಬರುತ್ತದೆ. ಮೇಲೆ ಬಾಡಿಸಿದ ಬಾಳೆಲೆ, ಅದರಡಿ ಚಕ್ಕುಲಿ, ಪಂಚಕಜ್ಜಾಯ, ಎರಡು ಮೋದಕ. ಚಕ್ಕುಲಿ ಒರಳಿನಲ್ಲಿ ಒತ್ತಿದ್ದಲ್ಲ, ಕೈಯಲ್ಲಿ ಸುತ್ತಿದ್ದು. ಹಿಟ್ಟನ್ನು ಬೆರಳ ತುದಿಯಲ್ಲಿ ಹೊಸೆಯುತ್ತ ಹೊಸೆಯುತ್ತ ಸುತ್ತು ಹಾಕುವುದು. ಪ್ರತಿ ಹೊಸೆತದ ಗುರುತು ಕರಿದ ಮೇಲೂ ಹಗ್ಗದ ಹುರಿಯ ಹಾಗೆ ಉಳಿದಿರುತ್ತದೆ. ಭಟ್ಟರ ಮನೆಯಕ್ಕನ ಚಕ್ಕುಲಿಯನ್ನು ನಾನು ನೂರರಲ್ಲಿ ಗುರುತು ಹಿಡಿದೇನು.

ಆ ಸಲ ಬಾಗಿಲು ತೆಗೆದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಕೆಲಸ, ಹಬ್ಬಕ್ಕೆಂದು ಬಂದಿದ್ದ. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ಅವನ ಮಾತು ಕೇಳಿಸಿತು: "ಬೇಡ ಅಕ್ಕಾ, ನಾವು ಪ್ರಸಾದ ತಿನ್ನೋದಿಲ್ಲ." ದನಿ ಒರಟಾಗಿರಲಿಲ್ಲ. ಆದರೆ "ನಾವು" ಅಂದನಲ್ಲ, ಅದು ನನಗೆ ಚುಚ್ಚಿತು. ಕೈ ಒರೆಸಿಕೊಳ್ಳದೆ ಓಡಿದೆ. ಆಕೆ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಹಾಗೇ ನಿಂತಿದ್ದರು, ಕೊಡಬೇಕೋ ತಿರುಗಬೇಕೋ ತಿಳಿಯದೆ. ನಾನು ತೆಗೆದುಕೊಂಡೆ. ಇಬ್ಬರೂ ಮಳೆಯ ಮಾತಾಡಿದೆವು.

ಹುಡುಗ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ದಿನಾ ಬೆಳಿಗ್ಗೆ ಬೈಬಲ್ ಓದುತ್ತಾನೆ, ಕುಡಿಯುವುದಿಲ್ಲ, ಸಂಬಳದಲ್ಲಿ ಒಂದು ಪಾಲು ಯಾರಿಗೂ ಹೇಳದೆ ಬಡವರಿಗೆ ಕೊಡುತ್ತಾನೆ. ಎರಡು ವರ್ಷದಿಂದ ಅಲ್ಲೊಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದಾನೆ. ಅಲ್ಲಿಂದ ಬಂದದ್ದು ಈ ಹೆದರಿಕೆ: ಸುತ್ತಲಿನ ಹಿಂದೂ ಪದ್ಧತಿ ನಮ್ಮೊಳಗೆ ನುಸುಳಿದರೆ ನಂಬಿಕೆ ಮಲಿನವಾಗುತ್ತದೆ ಎಂದು.

ಅದೇ ವರ್ಷ ಮೇ ತಿಂಗಳಲ್ಲಿ ಅವನ ತಂಗಿಯ ಮದುವೆಯಲ್ಲಿ ಇದರ ಮೊದಲ ಸುಳಿವು ಸಿಕ್ಕಿತ್ತು. ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ರೋಸ್ ಎಂಬ ಶಾಸ್ತ್ರ. ಅಂಗಳದ ಚಪ್ಪರದಡಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಶಿಲುಬೆಯ ಗುರುತು ಹಾಕಿ, ಹಣೆಗೆ ಎಣ್ಣೆ, ಕೆನ್ನೆಗೆ ತೋಳಿಗೆ ತೆಂಗಿನಕಾಯಿ ಹಾಲು. ನನ್ನ ಅತ್ತೆಯ ವಯಸ್ಸಿನವರೊಬ್ಬರು ನಡುಗುವ ದನಿಯಲ್ಲಿ ವೊವಿಯೊ, ಅಂದರೆ ನಮ್ಮ ಮದುವೆ ಹಾಡು, ಎತ್ತಿದರು, ಉಳಿದವರು ಸೇರಿಸಿದರು. ಕಾಯಿಹಾಲು ಹುಡುಗಿಯ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅಣ್ಣ ಮಾತ್ರ ಒಳಗೆ ಕೂತಿದ್ದ. "ಇದು ಹಿಂದೂಗಳ ಅರಿಶಿನ ಶಾಸ್ತ್ರವೇ ಅಲ್ಲವಾ ಮಾವ್ಶಿ? ಬೈಬಲಿನಲ್ಲಿ ಎಲ್ಲಿದೆ?"

ಬೈಬಲಿನಲ್ಲಿಲ್ಲ, ನಿಜ. ಆದರೆ ಈ ಕಾಯಿಹಾಲನ್ನು ಅವನಿಗಿಂತ ಮೊದಲು ಬೇಡ ಅಂದವರಿದ್ದರು. ನಾವು ಉತ್ತರ ಕನ್ನಡ ಕರಾವಳಿಯ ಕೊಂಕಣಿ ಕೆಥೋಲಿಕರು, ನಮ್ಮ ಬೇರು ಗೋವೆಯದು. ಅಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಕೂತಿತು. 1812ರ ತನಕ, ನಡುವೆ ಕೆಲವು ವರ್ಷ ಬಿಟ್ಟು, ನಡೆಯಿತು. ಗೋವೆ ಬಿಟ್ಟು ದಕ್ಷಿಣಕ್ಕೆ ಕೆನರಾ ಸೀಮೆಗೆ ಬಂದ ಕುಟುಂಬಗಳಲ್ಲಿ ಕೆಲವರು ಅದರ ಭಯಕ್ಕೆ ಬಂದರು, ಕೆಲವರು ಯುದ್ಧ, ಬರ, ತೆರಿಗೆಗೆ. ಆ ನ್ಯಾಯಾಲಯ 1736ರಲ್ಲಿ ಒಂದು ಆಜ್ಞೆ ಹೊರಡಿಸಿತು. ಮದುವೆಯಲ್ಲಿ ವಧೂವರರಿಗೆ ಅರಿಶಿನ, ಹಾಲು, ಕೊಬ್ಬರಿ ಎಣ್ಣೆ, ಅಕ್ಕಿಹಿಟ್ಟು ಹಚ್ಚಬಾರದು. ಎಲೆ ಅಡಿಕೆ ಹೂವು ಹಂಚಬಾರದು. ವೊವಿಯೊ ಹಾಡಬಾರದು. ಮನೆಯಲ್ಲಿ ತುಳಸಿ ಗಿಡ ಇರಬಾರದು. ಉಪ್ಪು ಹಾಕದೆ ಅನ್ನ ಬೇಯಿಸುವುದು ಸಹ ತಪ್ಪು, ಹಿಂದೂಗಳು ಹಾಗೆ ಬೇಯಿಸುತ್ತಾರಲ್ಲ, ಅದಕ್ಕೆ.

ಪಟ್ಟಿಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಆ ವೊವಿ, ಅಂದರೆ ಓವಿ. ಅದೇ ಓವಿ ಛಂದಸ್ಸಿನಲ್ಲಿ 1616ರಷ್ಟು ಹಿಂದೆಯೇ ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿತ್ ಪಾದ್ರಿ ಯೇಸುವಿನ ಕಥೆಯನ್ನು 'ಕ್ರಿಸ್ತಪುರಾಣ'ವೆಂದು ಬರೆದು ಗೋವೆಯಲ್ಲೇ ಅಚ್ಚು ಹಾಕಿಸಿದ್ದರು. ಅವರು ಇಂಗ್ಲೆಂಡಿನವರು, ಈ ನೆಲದ ಭಾಷೆ ಕಲಿತು, ಇಲ್ಲಿನ ಜನ ಪುರಾಣ ಕೇಳುವ ಧಾಟಿಯಲ್ಲೇ ಕ್ರಿಸ್ತನನ್ನು ಹಾಡಿದರು. ಒಂದೇ ಕೆಥೋಲಿಕ್ ಧರ್ಮಸಭೆ, ಒಂದೇ ಊರು. ಒಬ್ಬರ ಕೈಯಲ್ಲಿ ಓವಿ ಸುವಾರ್ತೆಯಾಯಿತು, 120 ವರ್ಷ ಕಳೆದ ಮೇಲೆ ಇನ್ನೊಬ್ಬರ ಕಣ್ಣಿಗೆ ಅಪರಾಧವಾಯಿತು. ಹೆಂಗಸರು ಮಾತ್ರ ಹಾಡುತ್ತಲೇ ಬಂದರು. ಓದುಬರಹ ಬಾರದ ನನ್ನ ಅಜ್ಜಿಗೆ ಈ ಇತಿಹಾಸ ಒಂದಕ್ಷರ ಗೊತ್ತಿರಲಿಲ್ಲ. ವೊವಿಯೊ ಅಷ್ಟೂ ಬಾಯಿಗೆ ಬರುತ್ತಿತ್ತು.

ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ಯೋಚಿಸಿ ಅಂದ: "ಅವರು ಹೆದರಿಸಿದ್ದು ತಪ್ಪು ಮಾವ್ಶಿ. ಆದ್ರೆ ಹೇಳಿದ್ದು ತಪ್ಪು ಅಂತ ಅದರಿಂದ ಆಗೋದಿಲ್ಲವಲ್ಲ." ಒಳ್ಳೆಯ ಪ್ರಶ್ನೆ. ಶಾಲೆಯಲ್ಲಿ ಇಂಥ ಪ್ರಶ್ನೆ ಕೇಳಿದ ಮಕ್ಕಳನ್ನು ನಾನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆ.

ಚಂದಾವರದ ಇಗರ್ಜಿಗೆ, ಅಂದರೆ ಅಲ್ಲಿನ ಚರ್ಚಿಗೆ, ಡಿಸೆಂಬರ್ 3ರ ಹಬ್ಬಕ್ಕೆ ಹೋದಾಗಲೆಲ್ಲ ನನಗೆ ಇದೇ ಪ್ರಶ್ನೆ ಎದುರಾಗುತ್ತದೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಮುಂದೆ ಮೇಣದಬತ್ತಿ ಹಚ್ಚುವ ಸಾಲಿನಲ್ಲಿ ಹಣೆಗೆ ಕುಂಕುಮವಿಟ್ಟವರು ಎಷ್ಟು ಜನ! ಹರಕೆ ಹೊತ್ತು ಬಂದವರು, ಮಗುವನ್ನು ಎತ್ತಿಕೊಂಡು ಬಂದವರು. ಗೋವೆಗೆ ಇನ್‌ಕ್ವಿಸಿಷನ್ ಬೇಕೆಂದು 1546ರಲ್ಲಿ ಪೋರ್ಚುಗಲ್ಲಿನ ರಾಜನಿಗೆ ಪತ್ರ ಬರೆದವರೂ ಈ ಸಂತರೇ. ಅವರ ಪ್ರೀತಿ ನಿಜ, ಆ ಪತ್ರವೂ ನಿಜ. ಎರಡನ್ನೂ ಇಟ್ಟುಕೊಂಡೇ ನಾನು ಅಲ್ಲಿ ಮೊಣಕಾಲೂರುತ್ತೇನೆ.

ಪ್ರಸಾದದ ವಿಷಯಕ್ಕೆ ಬರುತ್ತೇನೆ. ಇದು ಮೂರ್ತಿಯ ಮುಂದಿಟ್ಟ ಊಟದ ಪ್ರಶ್ನೆ, ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಇದೆ. ಎಂಟನೆಯ ಮತ್ತು ಹತ್ತನೆಯ ಅಧ್ಯಾಯ. ಅವಿಶ್ವಾಸಿಯೊಬ್ಬ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೇಳದೆ ತಿನ್ನಿ ಅನ್ನುತ್ತಾರೆ. ಇದು ನೈವೇದ್ಯ ಮಾಡಿದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ತಿನ್ನಬೇಡಿ, ನಿಮ್ಮ ಮನಸ್ಸಾಕ್ಷಿಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ ಅನ್ನುತ್ತಾರೆ. ಅದಕ್ಕೂ ಮೊದಲು, ಎಂಟನೆಯ ಅಧ್ಯಾಯದಲ್ಲೇ, ನನ್ನ ಊಟದಿಂದ ಸಹೋದರ ಎಡವುವುದಾದರೆ ನಾನು ಮಾಂಸವನ್ನೇ ಮುಟ್ಟುವುದಿಲ್ಲ ಅನ್ನುತ್ತಾರೆ. ಹುಡುಗ ಒಂದು ವಚನ ಹಿಡಿದ, ನಾನು ಇನ್ನೊಂದು. ಪೌಲರು ಇಬ್ಬರ ಕಡೆಗೂ ಪೂರ್ತಿ ನಿಲ್ಲಲಿಲ್ಲ. ಅವರ ಲಕ್ಷ್ಯವೆಲ್ಲ ಪಂಕ್ತಿಯಲ್ಲಿ ಪಕ್ಕ ಕೂತವನ ಮೇಲೆ.

ನನಗೂ ಗೆರೆಯಿದೆ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಶಾರದಾ ಪೂಜೆಯ ದಿನ ರಂಗೋಲಿ ಹಾಕಿಸಿದ್ದೇನೆ, ಮಕ್ಕಳಿಗೆ ಹಾಡು ಕಲಿಸಿದ್ದೇನೆ, ಒಡೆದ ಕಾಯಿಯ ಹೋಳು ತಿಂದಿದ್ದೇನೆ. ಅರ್ಚನೆ ಮಾಡಿಲ್ಲ, ಅಡ್ಡಬಿದ್ದಿಲ್ಲ. ಆರಾಧನೆ ನನಗೆ ಒಬ್ಬನಿಗೇ. ಭಟ್ಟರ ಮನೆಯಕ್ಕ ನಮ್ಮ ಮಗಳ ಮದುವೆಯ ಪೂಜೆಗೆ ಇಗರ್ಜಿಗೆ ಬಂದು ಕೊನೆಯ ತನಕ ಕೂತರು, ಆಶೀರ್ವದಿಸಿದ ರೊಟ್ಟಿ ಪಡೆಯುವ ಪರಮಪ್ರಸಾದದ ಸಾಲಿಗೆ ಬರಲಿಲ್ಲ. ಯಾರೂ ತಡೆದಿರಲಿಲ್ಲ, ಯಾರೂ ಕರೆಯಲೂ ಇಲ್ಲ. ಇಬ್ಬರಿಗೂ ಇನ್ನೊಬ್ಬರ ಗೆರೆ ಎಲ್ಲಿದೆ ಅಂತ ಗೊತ್ತು.

ಹಾಂ, ಪ್ರಸಾದ ಅನ್ನುವ ಶಬ್ದ. ಕನ್ನಡದಲ್ಲಿ ನಮೋ ಮರಿಯಾ ಜಪಿಸುವಾಗ ತಾಯಿಯನ್ನು ವರಪ್ರಸಾದ ಪೂರ್ಣೆ ಅನ್ನುತ್ತೇವೆ. ಇಗರ್ಜಿಯಲ್ಲಿ ನಡೆಯುವುದನ್ನು ಪೂಜೆ ಅನ್ನುತ್ತೇವೆ. ಈ ಮಾತುಗಳು ನಮಗೆ ಎಲ್ಲಿಂದ ಬಂದವು? ನೆರೆಮನೆಯಿಂದಲೇ. ಇವನ್ನೆಲ್ಲ ಹಿಂದಿರುಗಿಸಿದರೆ ದೇವರ ಜೊತೆ ಮಾತಾಡಲು ನನಗೆ ನಾಲಿಗೆಯೇ ಇರುವುದಿಲ್ಲ.

ಆ ಭಾನುವಾರ ಇಗರ್ಜಿಯಲ್ಲಿ ಫಾದರ್ ಆಶೀರ್ವದಿಸಿ ಕೊಟ್ಟ ತೆನೆಗಳನ್ನು ಮನೆಗೆ ತಂದೆವು. ಒಂದಿಷ್ಟು ಕಾಳು ಸುಲಿದು ಪಾಯಸಕ್ಕೆ ಹಾಕಿದೆ. ಆ ದಿನ ನಮ್ಮಲ್ಲಿ ಮೀನಿಲ್ಲ. ಬಂದ ತಟ್ಟೆ ಖಾಲಿ ಹೋಗಬಾರದು. ಹಿತ್ತಾಳೆ ತಟ್ಟೆಯಲ್ಲಿ ಪಾಯಸದ ಬಟ್ಟಲು, ಒಂದು ತೆನೆ, ಹಿತ್ತಿಲ ಅಬ್ಬಲಿಗೆ ಇಟ್ಟುಕೊಂಡು ಹೋದೆ. ಆಕೆ ತೆನೆಯನ್ನು ಬಾಗಿಲ ಮೇಲೆ ಸಿಕ್ಕಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅಕ್ಕೋರೇ, ಹುಡುಗನಿಗೆ ಸಕ್ಕರೆ ಕಾಯಿಲೆ ಏನಾದ್ರೂ ಉಂಟಾ? ಇಷ್ಟು ಸಣ್ಣ ವಯಸ್ಸಿಗೆ?"

ಹೌದು ಅಂದುಬಿಡಬಹುದಿತ್ತು. ಅನ್ನಲಿಲ್ಲ. "ಇಲ್ಲ ಅಕ್ಕಾ. ದೇವರಿಗೆ ಇಟ್ಟಿದ್ದು ಅಂತ ಅವನಿಗೆ ಹೆದರಿಕೆ." ಆಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ಅಷ್ಟೇಯಾ," ಅಂದರು.

2025ರ ಚೌತಿ ಬೇಗ ಬಂತು, ಆಗಸ್ಟ್ 27. ತಟ್ಟೆಯ ಜೊತೆ ಒಂದು ಸ್ಟೀಲ್ ಡಬ್ಬಿಯೂ ಇತ್ತು. "ಇದು ಹುಡುಗನಿಗೆ. ನೈವೇದ್ಯಕ್ಕೆ ಮೊದ್ಲೇ ತೆಗೆದಿಟ್ಟದ್ದು."

ಆ ಮನೆಯನ್ನು ಬಲ್ಲವರಿಗೆ ಇದರ ತೂಕ ಗೊತ್ತು. ಚೌತಿಯ ದಿನ ಅಲ್ಲಿ ಮಡಿಯಲ್ಲಿ ಅಡಿಗೆ. ಗಣಪತಿಗೆ ಇಡುವ ಮೊದಲು ಮಕ್ಕಳಿಗೂ ಒಂದು ಚೂರು ಸಿಗುವುದಿಲ್ಲ, ಹಸಿದು ಅತ್ತರೂ ಇಲ್ಲ. ತಮ್ಮ ದೇವರಿಗಿಂತ ಮೊದಲು, ಆ ದೇವರಿಗೆ ಹೆದರಿದ ಒಬ್ಬ ಹುಡುಗನ ಪಾಲನ್ನು ಆಕೆ ತೆಗೆದಿಟ್ಟಿದ್ದರು. ನನಗೆ ಕಣ್ಣು ತುಂಬಿ ಬಂತು, "ಎಂತಕ್ಕೆ ಹೀಗೆ ಮಾಡಿದ್ರಿ" ಅಂದೆ. "ತಿನ್ನಲಿ ಬಿಡಿ," ಅಂದರು ಆಕೆ.

ಡಬ್ಬಿಯನ್ನು ಬೆಂಗಳೂರು ಬಸ್ಸಿಗೆ ಹಾಕಿ ಹುಡುಗನಿಗೆ ಫೋನ್ ಮಾಡಿದೆ. ಯಾರು ಕೊಟ್ಟರು, ಯಾವಾಗ ತೆಗೆದಿಟ್ಟರು, ಆ ಮನೆಯಲ್ಲಿ ಅದಕ್ಕೆ ಏನು ಅರ್ಥ, ಎಲ್ಲ ಹೇಳಿದೆ. ಬೇರೆ ಏನೂ ಹೇಳಲಿಲ್ಲ. ಅವನೂ ಮಾತಾಡಲಿಲ್ಲ, ಫೋನ್ ಕಡಿಯಿತೋ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ರಾತ್ರಿ ಅವನದೇ ಫೋನ್ ಬಂತು. "ಮಾವ್ಶಿ, ಡಬ್ಬಿ ತೊಳೆದಿಟ್ಟಿದ್ದೇನೆ. ತೆನೆ ಹಬ್ಬಕ್ಕೆ ಬರ್ತೇನಲ್ಲ, ವಾಪಸ್ ಕೊಡುವಾಗ ಅದರಲ್ಲಿ ಏನು ಹಾಕಿ ಕೊಡಬೇಕು?"